ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವಾಗ: ಫಾರ್ವರ್ಡ್ ಹೇಳುವ ಉಪಾಯಗಳಲ್ಲಿ ಯಾವುದು ಸರಿ, ಯಾವುದು ಅಪಾಯ?

ಶೇಂಗಾ ಕಿತ್ತು, ಕಾಯಿ ಬಿಡಿಸಿ, ಸಾಲ ಕಳೆದು ಉಳಿದದ್ದನ್ನು ಎಣಿಸುವ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳಲು ಶುರುವಾಗುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಮಳೆ ನಂಬಿದ ಒಂದು ಬೆಳೆ ಮುಗಿದರೆ ಮುಂದಿನ ಮುಂಗಾರಿನವರೆಗೆ ಬಹಳ ಜನರಿಗೆ ಹೊಲದಲ್ಲಿ ಕೆಲಸವಿಲ್ಲ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಮಲೆನಾಡಿನ ಕಾಫಿ ಕೊಯ್ಲಿಗೆ. ಕುರಿ ಇರುವವರು ಮೇವು, ನೀರು ಹುಡುಕಿಕೊಂಡು ನೀರಾವರಿ ಸೀಮೆಯ ಕಡೆ ನಡೆಯುತ್ತಾರೆ. ಬೆಂಗಳೂರಿನಲ್ಲೇ ನೆಲೆ ನಿಂತವರ ಊರ ಮನೆಗಳದ್ದು ಇನ್ನೊಂದು ಕಥೆ: ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ, ಯುಗಾದಿಗೆ ಬೀಗ ತೆಗೆದರೆ ಮತ್ತೆ ತೆಗೆಯುವುದು ಮುಂದಿನ ಹಬ್ಬಕ್ಕೇ.

ಇದೇ ಸಮಯಕ್ಕೆ ಸರಿಯಾಗಿ ವಾಟ್ಸ್ಆ್ಯಪ್‌ನಲ್ಲಿ "ಮನೆಗೆ ಬೀಗ ಹಾಕುವ ಮುನ್ನ ಇದನ್ನು ಓದಿ, ಹತ್ತು ಜನರಿಗೆ ಕಳಿಸಿ" ಎಂಬ ಬಗೆಯ ಸಂದೇಶಗಳೂ ಓಡಾಡುತ್ತವೆ. ರೂಪ ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಹಾವು ಬಾರದಂತೆ ಕಾರ್ಬಾಲಿಕ್ ಆಸಿಡ್ ಇಡಿ, ಕಾಳಿಗೆ ಗುಳಿಗೆ ಹಾಕಿ ಬಾಗಿಲು ಮುಚ್ಚಿ, ದೇವರ ಮುಂದೆ ದೀಪ ಉರಿಯುತ್ತಿರಲಿ, ಮಾಳಿಗೆ ಮೇಲೆ ಉಪ್ಪು ಚೆಲ್ಲಿ, ಡ್ರಮ್ಮಿನ ನೀರಿಗೆ ಅರಿಸಿನ ಹಾಕಿ.

ಇವುಗಳಲ್ಲಿ ಒಂದೆರಡು ಅರ್ಧ ಸತ್ಯ, ಕೆಲವು ಬರೀ ವ್ಯರ್ಥ. ಎರಡು ಮಾತ್ರ ಜೀವ ತೆಗೆಯಬಲ್ಲವು. ನಮಗೆ ಕಂಡ ದೊಡ್ಡ ಕೊರತೆ ಬೇರೆಯೇ ಇದೆ. ಈ ಸಂದೇಶಗಳೆಲ್ಲ ಬೀಗ ಹಾಕುವ ದಿನದ ಬಗ್ಗೆ ಮಾತಾಡುತ್ತವೆ. ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಬೀಗ ತೆಗೆಯುವ ದಿನ.

ಕಾಳಿಗೆ ಹಾಕುವ ಗುಳಿಗೆ: ಇದನ್ನು ಫಾರ್ವರ್ಡ್ ಮಾಡಲೇಬೇಡಿ

ಮೊದಲು ಇದನ್ನೇ ಹೇಳಿಬಿಡುತ್ತೇವೆ. ಜೋಳ, ತೊಗರಿ, ಬಿತ್ತನೆ ಶೇಂಗಾಕ್ಕೆ ಹುಳ ಬೀಳದಂತೆ ಚೀಲದ ನಡುವೆ ಇಡುವ ಬೂದು ಬಣ್ಣದ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಹುಳ ಸಾಯುವುದು ಆ ಅನಿಲದಿಂದ. ಮನುಷ್ಯ ಸಾಯುವುದೂ ಅದರಿಂದಲೇ.

ಲೆಕ್ಕ ಹಾಕಿ ನೋಡೋಣ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಫಾಸ್ಫೀನ್ ಬರುತ್ತದೆ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅಷ್ಟೂ ಅನಿಲ ಉಳಿದರೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 24 ಭಾಗ ಅದೇ ಇರುತ್ತದೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ 0.3 ಭಾಗ. ಅಂದರೆ ಒಂದೇ ಒಂದು ಗುಳಿಗೆ ಆ ಮಿತಿಯನ್ನು 80 ಪಟ್ಟು ದಾಟಿಸುತ್ತದೆ. ಮನೆಗಳಲ್ಲಿ ಚೀಲಕ್ಕೆ ಎರಡು ಮೂರು ಹಾಕುವವರಿದ್ದಾರೆ.

ಆರು ತಿಂಗಳು ಬಿಟ್ಟು ಬಂದರೆ ಅಷ್ಟರಲ್ಲಿ ಅನಿಲ ಹೋಗಿರುವುದಿಲ್ಲವೇ ಎಂದು ಕೇಳಬಹುದು. ಬಹುಪಾಲು ಹೋಗಿರುತ್ತದೆ, ನಿಜ. ಆದರೆ ಅಪಾಯ ಬರುವ ದಾರಿಗಳು ಬೇರೆ ಇವೆ. ಬೆಳಗಿನ ಬಸ್ಸಿಗೆ ಹೊರಡಬೇಕೆಂದು ಸಂಜೆಯೇ ಗುಳಿಗೆ ಇಟ್ಟು, ಆ ರಾತ್ರಿ ಅದೇ ಮನೆಯಲ್ಲಿ ಮಲಗುವುದು ಒಂದು. ಪಕ್ಕದ ಅಂಕಣದಲ್ಲಿ ಅಜ್ಜಿ, ತಾತ ಉಳಿದಿದ್ದು, ನಡುಗೋಡೆ ಸೂರಿನವರೆಗೆ ಮುಟ್ಟದೇ ಇರುವುದು ಇನ್ನೊಂದು. ಹಳೆಯ ಮನೆಗಳಲ್ಲಿ ಇದು ಮಾಮೂಲು. ಯಾರೋ ತೀರಿಕೊಂಡರೆಂದು ವಾರದೊಳಗೆ ಓಡಿ ಬಂದು ಬೀಗ ತೆಗೆಯುವುದೂ ಉಂಟು. ಒಣಗಾಲದಲ್ಲಿ ಪೂರ್ತಿ ಕರಗದೆ ಉಳಿದ ಗುಳಿಗೆಯ ಪುಡಿ, ಬಂದ ದಿನ ನೆಲ ತೊಳೆದ ನೀರು ತಾಗಿ ಮತ್ತೆ ಅನಿಲ ಬಿಡಬಹುದು.

ಫಾಸ್ಫೀನ್‌ಗೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನಂಥ ವಾಸನೆ ಇರುತ್ತದೆ ಎನ್ನುತ್ತಾರೆ. ವಾಸನೆ ಬಾರದಿದ್ದರೆ ಅನಿಲ ಇಲ್ಲವೆಂದು ನಂಬುವಂತಿಲ್ಲ. ವಿಷ ಏರಿದಾಗ ವಾಂತಿ, ತಲೆನೋವು, ಎದೆ ಬಿಗಿತ, ಉಸಿರಾಟದ ತೊಂದರೆ ಕಾಣಿಸುತ್ತವೆ. ಮನೆಮಂದಿಗೆಲ್ಲ ಒಟ್ಟಿಗೆ ವಾಂತಿ ಶುರುವಾದಾಗ ತಿಂದ ಊಟ ಕೆಟ್ಟಿತ್ತೆಂದು ಭಾವಿಸಿ, ಅದೇ ಕೋಣೆಯಲ್ಲಿ ಮಲಗಿಸುವುದು ಅನಾಹುತಕ್ಕೆ ದಾರಿ. ಈ ವಿಷಕ್ಕೆ ನಿರ್ದಿಷ್ಟ ಮದ್ದಿಲ್ಲ. ಎಲ್ಲರನ್ನೂ ಹೊರಗೆ ತಂದು 108ಕ್ಕೆ ಕರೆ ಮಾಡಿ, ಕಾಳಿಗೆ ಗುಳಿಗೆ ಹಾಕಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಂದಹಾಗೆ, ಈ ಗುಳಿಗೆಯನ್ನು ಜನಸಾಮಾನ್ಯರಿಗೆ ಬಿಡಿಯಾಗಿ ಮಾರಲು ನಿಯಮದಲ್ಲಿ ಅವಕಾಶವೇ ಇಲ್ಲ. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಮನೆಬಳಕೆಗೆ ಸರಿ ಎಂದಲ್ಲ.

ಹಾಗಾದರೆ ಕಾಳನ್ನು ಏನು ಮಾಡುವುದು? ಬಿತ್ತನೆ ಶೇಂಗಾವನ್ನು ಸಿಪ್ಪೆ ಸಮೇತವೇ ಇಡಿ. ಬೀಜ ಬಿಡಿಸಿಟ್ಟರೆ ಮೊಳಕೆಯ ಶಕ್ತಿ ಬೇಗ ಕುಂದುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ ಅನ್ನುವವರೆಗೆ ಒಣಗಿಸಬೇಕೆಂಬ ಹಿರಿಯರ ಪರೀಕ್ಷೆ ಸರಿಯಾದದ್ದೇ, ತೇವ ಶೇ. 8ರ ಆಸುಪಾಸಿಗೆ ಇಳಿದರೆ ಬೂಷ್ಟು ಹಿಡಿಯುವುದಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಬಹುದು. ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆ ಮೇಲೆ ಇಡಿ. ಕಾಳಿಗೆ ಬೇವಿನ ಸೊಪ್ಪು, ಬೂದಿ ಬೆರೆಸಬೇಕೆಂಬ ಫಾರ್ವರ್ಡ್ ಬಂದರೆ ಅದನ್ನು ತಳ್ಳಿಹಾಕಬೇಡಿ. ಒಣ ಬೂದಿ ಕಾಳಿನ ನಡುವಿನ ಸಂದು ತುಂಬಿ ಹುಳದ ಓಡಾಟಕ್ಕೆ ಅಡ್ಡಿಯಾಗುತ್ತದೆ. ಬೇವು ಸ್ವಲ್ಪಮಟ್ಟಿಗೆ ಹುಳವನ್ನು ದೂರ ಇಡುತ್ತದೆ, ಆದರೆ ಸೊಪ್ಪು ನೆರಳಲ್ಲಿ ಗರಿಗರಿಯಾಗಿ ಒಣಗಿರಬೇಕು. ಹಸಿ ಸೊಪ್ಪು ಹಾಕಿದರೆ ತೇವವನ್ನು ನೀವೇ ಒಳಗಿಟ್ಟಂತೆ. ಹೆಚ್ಚಿನ ಮಾಹಿತಿಗೆ ಹಿರಿಯೂರು ಬಳಿಯ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಹಗೇವಿನ ನೆನಪು

ಮುಚ್ಚಿದ ಜಾಗವನ್ನು ತೆರೆಯುವುದರ ಅಪಾಯ ನಮ್ಮ ಸೀಮೆಗೆ ಹೊಸದೇನಲ್ಲ. ನೆಲದೊಳಗೆ ತೋಡಿ ಕಾಳು ತುಂಬಿಡುತ್ತಿದ್ದ ಹಗೇವುಗಳನ್ನು ಕಂಡವರು ಈಗಲೂ ಇದ್ದಾರೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ.

ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಳ, ಬೂಷ್ಟು ಎಲ್ಲ ಸೇರಿ ಆಮ್ಲಜನಕ ಮುಗಿಸಿ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತವೆ. ಇಳಿದವನಿಗೆ ಎಚ್ಚರ ತಪ್ಪುತ್ತದೆ, ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಬಹುದಿನ ಮುಚ್ಚಿದ ನೀರಿನ ಸಂಪಿಗೂ ಇದೇ ನಿಯಮ. ಆದರೆ ದೀಪದ ಪರೀಕ್ಷೆ ಆಮ್ಲಜನಕ ಕಡಿಮೆಯಾದದ್ದನ್ನು ಮಾತ್ರ, ಅದೂ ಒರಟಾಗಿ, ತೋರಿಸುತ್ತದೆ. ಫಾಸ್ಫೀನ್ ಇದ್ದರೆ ದೀಪ ಆರುವುದಿಲ್ಲ, ಆ ಅನಿಲ ಹೆಚ್ಚಿದ್ದರೆ ಹೊತ್ತಿಕೊಳ್ಳಲೂಬಹುದು. ಹಗೇವಿನ ಬುದ್ಧಿಯಲ್ಲಿ ನಾವು ಉಳಿಸಿಕೊಳ್ಳಬೇಕಾದ್ದು ದೀಪವನ್ನಲ್ಲ, ತೆರೆದು ಕಾಯುವುದನ್ನು.

ಕಾರ್ಬಾಲಿಕ್ ಆಸಿಡ್ ಇಟ್ಟರೆ ಹಾವು ಬರುವುದಿಲ್ಲವೇ?

ಬರುತ್ತದೆ. ಕಾರ್ಬಾಲಿಕ್ ಆಸಿಡ್ ಎಂದರೆ ಫೀನಾಲ್. ಬಾಟಲಿಯಲ್ಲಿ ತೆರೆದಿಟ್ಟರೆ ಹಾವು ಮನೆ ಬಿಟ್ಟು ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಚರ್ಮಕ್ಕೆ ಬಿದ್ದರೆ ಸುಡುತ್ತದೆ, ಆವಿ ಕುಡಿದರೆ ಗಂಟಲು, ಶ್ವಾಸಕೋಶಕ್ಕೆ ತೊಂದರೆ. ತಿಂಗಳುಗಟ್ಟಲೆ ಮುಚ್ಚಿದ್ದ ಮನೆಗೆ ಮೊದಲು ನುಗ್ಗುವವರು ಮಕ್ಕಳು. ಮೂಲೆಯ ಬಾಟಲಿ ಅವರ ಕೈಗೇ ಸಿಗುವುದು. ನುಸಿ ಗುಳಿಗೆಯಿಂದಲೂ ಹಾವು ಓಡುವುದಿಲ್ಲ. ಅದನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೆ ರಕ್ತಕಣಗಳು ಒಡೆಯಬಹುದು. ಬೆಳ್ಳುಳ್ಳಿ ನೀರು ಚಿಮುಕಿಸುವುದರಿಂದ ನಷ್ಟವಿಲ್ಲ, ಲಾಭವೂ ಇಲ್ಲ.

ಹಾವು ಬರುವುದು ಇಲಿಗಾಗಿ, ತಂಪಿಗಾಗಿ. ಇಲಿ ಬರುವುದು ಕಾಳಿಗಾಗಿ. ಆದ್ದರಿಂದ ಮಾಡಬೇಕಾದ ಕೆಲಸ ಸಿಮೆಂಟು, ತಂತಿಬಲೆಯದು. ಪೆನ್ಸಿಲ್ ತೂರುವಷ್ಟು ತೂತು ಸಿಕ್ಕರೆ ಸುಂಡಿಲಿ ಒಳಗೆ ಬರುತ್ತದೆ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ, ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಬೆಳಕಿಂಡಿಯನ್ನು ಮುಚ್ಚಿ. ಗೋಡೆಗೆ ಒರಗಿಸಿದ ಸೌದೆ, ಶೇಂಗಾ ಹೊಟ್ಟು, ಕಲ್ಲಿನ ಗುಡ್ಡೆಯನ್ನು ದೂರ ಸರಿಸಿ. ಮೊಳಕಾಲ್ಮುರು ಕಡೆ ಗುಣಿ ಮಗ್ಗ ಇರುವ ಮನೆಯವರು ಗುಣಿಯ ಮೇಲೆ ಹಲಗೆ ಮುಚ್ಚಿ ಹೋಗುವುದು ಒಳ್ಳೆಯದು. ತಣ್ಣಗೆ, ಕತ್ತಲಾಗಿರುವ ಗುಣಿ ಹಾವು ಚೇಳಿಗೆ ಹೇಳಿ ಮಾಡಿಸಿದ ಜಾಗ. ಬಂದು ಕೂತವರು ಮೊದಲು ಇಳಿಬಿಡುವುದು ಬರಿಗಾಲನ್ನೇ.

ಹೊರಡುವ ದಿನ ಇಲಿ ಪಾಷಾಣ ಇಡುವುದನ್ನು ನಾವು ಒಪ್ಪುವುದಿಲ್ಲ. ಇಲಿ ಅಟ್ಟದ ಸಂದಿಯಲ್ಲಿ ಸತ್ತು ನಾರುತ್ತದೆ ಎಂಬುದು ಸಣ್ಣ ತೊಂದರೆ. ಎಲ್ಲೆಲ್ಲಿ ಇಟ್ಟಿದ್ದೆವು ಎಂಬುದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ, ಅದು ದೊಡ್ಡದು.

ದೀಪ ಉರಿಯುತ್ತಿರಬೇಕೇ?

ಬೀಗ ಹಾಕುವ ಮುನ್ನ ದೇವರಿಗೆ ದೀಪ ಹಚ್ಚಿ ಕೈಮುಗಿಯುವುದು ಅವರವರ ಭಕ್ತಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹೊಸ್ತಿಲು ದಾಟುವ ಮುನ್ನ ದೀಪ ಶಾಂತ ಮಾಡಿ. ಎಣ್ಣೆ ಕುಡಿದ ಬತ್ತಿ ಇಲಿಗೆ ತಿಂಡಿ. ಉರಿಯುವ ಬತ್ತಿಯನ್ನೇ ಅದು ಎಳೆದುಕೊಂಡು ಬಟ್ಟೆಗಂಟಿನ ಬಳಿಗೋ ಸಪ್ಪೆಯ ಮೆದೆಗೋ ಹೋದರೆ ಬೆಂಕಿ ಆರಿಸಲು ಮನೆಯಲ್ಲಿ ಯಾರಿರುತ್ತಾರೆ?

ಮಾಳಿಗೆ ಮೇಲೆ ಉಪ್ಪು: ಅರ್ಧ ಸತ್ಯ

ಈ ಫಾರ್ವರ್ಡ್ ನಮಗೆ ಕುತೂಹಲ ಹುಟ್ಟಿಸಿತು, ಏಕೆಂದರೆ ಇದರ ಹಿಂದೆ ನಿಜವಾದ ಅನುಭವವಿದೆ. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳ ಚಾವಣಿಗೆ ಹೊದಿಸುವುದು ಕರಲು ಮಣ್ಣು, ಚೌಳು ಎಂದೂ ಅನ್ನುತ್ತಾರೆ. ಅದರಲ್ಲಿ ಸೋಡಿಯಂ ಹೆಚ್ಚು. ಮಳೆನೀರು ಬಿದ್ದಾಗ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ನೀರು ಒಳಗಿಳಿಯದೆ ಮೇಲೇ ಹರಿದುಹೋಗುತ್ತದೆ. ಕರಲು ಹೊಲದಲ್ಲಿ ಬೆಳೆ ಬಾರದಿರಲು ಯಾವ ಗುಣ ಕಾರಣವೋ, ಮಾಳಿಗೆ ಸೋರದಿರಲು ಅದೇ ಗುಣ ಕಾರಣ. ಉಪ್ಪು ಸೇರಿಸಿದರೆ ಹುಲ್ಲೂ ಹುಟ್ಟುವುದಿಲ್ಲ. ಹುಲ್ಲಿನ ಬೇರು ಇಳಿದಲ್ಲಿ ಸೋರಿಕೆ ಶುರುವಾಗುತ್ತದೆ. ಹಾಗಾಗಿ ಮಣ್ಣಿನ ಮಾಳಿಗೆಗೆ ಉಪ್ಪು ಎನ್ನುವುದರಲ್ಲಿ ಅರ್ಥವಿದೆ.

ಫಾರ್ವರ್ಡ್ ಹೇಳದೇ ಬಿಟ್ಟದ್ದು ಏನೆಂದರೆ, ಆರ್‌ಸಿಸಿ ಮನೆಗೆ ಇದೇ ಉಪಾಯ ವಿಷ. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಚಾವಣಿಯನ್ನೇ ಬಿರುಕು ಬಿಡಿಸುತ್ತದೆ. ಈಗ ಹಳ್ಳಿಗಳಲ್ಲಿ ಎರಡೂ ಬಗೆಯ ಮನೆಗಳಿವೆ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಮುಂದೆ ಆರ್‌ಸಿಸಿ, ಹಿಂದೆ ಮಾಳಿಗೆ.

ಚಳಿಗಾಲದಲ್ಲಿ ಹೊರಡುವವರಿಗೆ ಮಳೆಯ ಯೋಚನೆ ಬರುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬೀಳುವುದು ಮನೆ ಇನ್ನೂ ಖಾಲಿ ಇರುವಾಗಲೇ. ಬೇಸಿಗೆಯಲ್ಲಿ ಒಣಗಿ ಬಿರಿದ ಮಾಳಿಗೆಗೆ ಮೊದಲ ಹೊಡೆತ ಅದೇ. ಹೊರಡುವ ಮುನ್ನ ಬಿರುಕು, ಇಲಿ ಬಿಲಗಳಿಗೆ ಕರಲು ಮಣ್ಣು ಮೆತ್ತಿ ತುಳಿದು ಗಟ್ಟಿ ಮಾಡಿ. ನೀರು ಹೊರಹೋಗುವ ಕೊಳವೆಗಳಲ್ಲಿ ಗೂಡು, ಕಸ ಇದ್ದರೆ ತೆಗೆಯಿರಿ. ಪ್ರತಿವರ್ಷ ಹಳೆಯದರ ಮೇಲೆ ಹೊಸ ಮಣ್ಣು ಹೇರುತ್ತಾ ಹೋಗಬೇಡಿ. 10 ಸೆಂ.ಮೀ. ದಪ್ಪದ ಮಣ್ಣು ಒಂದು ಚದರ ಮೀಟರಿಗೆ 150 ಕಿಲೋಗೂ ಹೆಚ್ಚು ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಗೆದ್ದಲು ಹಿಡಿದ ತೊಲೆ ಅದನ್ನು ಹೊರಲಾರದು.

ಊರಲ್ಲಿ ಉಳಿದ ಯಾರಿಗಾದರೂ ಹೇಳಿ ಹೋಗಿ: ಮೊದಲ ಮಳೆ ಬಿದ್ದ ಮಾರನೆಯ ದಿನ ಒಮ್ಮೆ ಗೋಡೆಯ ಬುಡ, ಕೊಳವೆ ನೋಡಿ ಫೋನ್ ಮಾಡಲಿ. ಹತ್ತು ಫಾರ್ವರ್ಡ್‌ಗಳಿಗಿಂತ ಆ ಒಂದು ಫೋನ್ ಹೆಚ್ಚು ಕೆಲಸ ಮಾಡುತ್ತದೆ.

ನೀರು, ಕರೆಂಟು, ಗ್ಯಾಸು

ಡ್ರಮ್ಮು, ತೊಟ್ಟಿ, ಗುಡಾಣಗಳಲ್ಲಿ ನೀರು ಬಿಟ್ಟು ಹೋಗಬೇಡಿ. ಅರಿಸಿನ ಹಾಕಿದರೆ ಸೊಳ್ಳೆ ಆಗುವುದಿಲ್ಲ ಎಂದು ನಂಬಿ ಕೂರುವಂತಿಲ್ಲ. ಖಾಲಿ ಮಾಡಿ ಬೋರಲು ಹಾಕಿದರೂ ಅರ್ಧ ಕೆಲಸವೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ, ನೀವು ಬಂದು ನೀರು ತುಂಬಿದ ಮೇಲೆ ಒಡೆಯುತ್ತವೆ. ಆದ್ದರಿಂದ ಒಳಮೈಯನ್ನು ಒರಟು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಹೋಗುವಾಗ ಒಮ್ಮೆ, ಬಂದಾಗ ಇನ್ನೊಮ್ಮೆ.

ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಆಫ್ ಆದರೆ ಮೀಟರ್ ಸಂಪರ್ಕ ರದ್ದಾಗುತ್ತದೆ ಎಂಬುದು ಸುಳ್ಳು. ಟಿವಿ, ಮಿಕ್ಸಿ, ಫ್ರಿಡ್ಜ್ ಪ್ಲಗ್ಗುಗಳನ್ನೂ ಕಿತ್ತಿಡಿ, ಬೇಸಿಗೆಯ ಸಿಡಿಲಿಗೆ ಸ್ವಿಚ್ ಆಫ್ ಒಂದೇ ಸಾಲದು. ಫ್ರಿಡ್ಜ್ ಒರೆಸಿ ಒಣಗಿಸಿ ಬಾಗಿಲು ಸ್ವಲ್ಪ ತೆರೆದಿಡಿ. ಮಂಜುಗಟ್ಟಿದ ಲೋಟದ ಮೇಲೆ ನಾಣ್ಯ ಇಟ್ಟು ಕರೆಂಟು ಹೋಗಿತ್ತೇ ಎಂದು ತಿಳಿಯುವ ಉಪಾಯ ನಿಜವಾದದ್ದೇ, ಆದರೆ ಅದು ಫ್ರಿಡ್ಜ್ ಓಡುತ್ತಿರುವಂತೆ ನಾಲ್ಕು ದಿನ ಹೋಗುವವರಿಗೆ. ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಮುಚ್ಚಳ ಹಾಕಿ. ಬಂದಾಗ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಿ.

ಗೇಟಿನ ಮೇಲಿನ ಚಾಕ್ ಗುರುತು ಕಳ್ಳರ ಸಂಕೇತ ಎಂಬ ಸಂದೇಶ ಊರೂರು ಸುತ್ತುತ್ತಿದೆ. ಅದನ್ನು ನೋಡಿ ಹೆದರುವ ಬದಲು, ಮಡಿಕೇರಿಯಲ್ಲಿ ನಿಂತು ತೆಗೆದ ಫೋಟೊ ಸ್ಟೇಟಸ್‌ಗೆ ಹಾಕುವುದನ್ನು ಬಿಟ್ಟರೆ ಸಾಕು. ಠಾಣೆಯ ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿ ಹೋಗಿ.

ಮೂರು ತಿಂಗಳು ರೇಷನ್ ತರದಿದ್ದರೆ ಕಾರ್ಡ್ ರದ್ದೇ?

ಗುಳೆ ಹೋಗುವವರನ್ನು ಹೆಚ್ಚು ಹೆದರಿಸುವ ಫಾರ್ವರ್ಡ್ ಇದು. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಮಾಡಿದ ತಿದ್ದುಪಡಿಯಲ್ಲಿರುವುದು ಆರು ತಿಂಗಳು. ಅಷ್ಟು ಕಾಲ ಪಡಿತರ ಪಡೆಯದ ಕಾರ್ಡನ್ನು ತಾತ್ಕಾಲಿಕವಾಗಿ ನಿಷ್ಕ್ರಿಯ ಮಾಡಿ, ಮೂರು ತಿಂಗಳೊಳಗೆ ಸ್ಥಳ ಪರಿಶೀಲನೆ, ಇ-ಕೆವೈಸಿ ನಡೆಸಿ ಅರ್ಹತೆ ನಿರ್ಧರಿಸಬೇಕು. ನೇರವಾಗಿ ರದ್ದು ಮಾಡುವುದಲ್ಲ. ಅದಕ್ಕೂ ಮೊದಲು, ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡಿತರ ಪಡೆಯುವ ವ್ಯವಸ್ಥೆ ಇದೆ. ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕದೆ ಜೊತೆಗೆ ಒಯ್ಯಿರಿ. ಪಹಣಿ, ಪಾಸ್‌ಬುಕ್‌ಗಳನ್ನು ಮನೆಯಲ್ಲೇ ಬಿಡುವುದಾದರೆ ತಗಡಿನ ಟ್ರಂಕಿನಲ್ಲಿ, ಕಲ್ಲಿನ ಮೇಲೆ, ಗೋಡೆಗೆ ತಾಗದಂತೆ ಇಡಿ. ಗೆದ್ದಲಿಗೆ ಪಹಣಿಯೂ ಒಂದೇ, ಹಳೆಯ ಪೇಪರೂ ಒಂದೇ.

ಬೀಗ ತೆಗೆಯುವ ದಿನ

ರಾತ್ರಿ ಬಸ್ಸಿಗೆ ಬಂದು ನಸುಕಿನಲ್ಲಿ ಇಳಿದರೆ ಜಗಲಿಯ ಮೇಲೆ ಬೆಳಕಾಗುವವರೆಗೆ ಕೂರಿ. ಬಾಗಿಲು, ತಲುಪಬಹುದಾದ ಕಿಟಕಿಗಳನ್ನೆಲ್ಲ ತೆರೆದು ಅರ್ಧ ಗಂಟೆ ಹೊರಗೇ ಇರಿ. ಗುಳಿಗೆ ಇಟ್ಟಿದ್ದ ಮನೆಯಾದರೆ, ಇಲ್ಲವೇ ಒಳಗಿಂದ ಬೆಳ್ಳುಳ್ಳಿ, ಮೀನಿನ ವಾಸನೆ ಬಂದರೆ ಒಳಗೆ ಹೋಗಲೇಬೇಡಿ. 112ಕ್ಕೆ ಕರೆ ಮಾಡಿ.

ಮೊದಲು ಒಬ್ಬರೇ ದೊಡ್ಡವರು ಬೂಟು ಹಾಕಿ, ಟಾರ್ಚು, ಕೋಲು ಹಿಡಿದು ಒಳಗೆ ಹೋಗಲಿ. ತೊಲೆ ಬಾಗಿದ್ದರೆ, ಗೋಡೆಯ ಬುಡ ನೆನೆದು ಉಬ್ಬಿದ್ದರೆ ಆ ಅಂಕಣದಲ್ಲಿ ಮಲಗಬೇಡಿ. ಇಲಿ ಹಿಕ್ಕೆ ಇರುವ ನೆಲವನ್ನು ಒಣದಾಗಿ ಗುಡಿಸಿದರೆ ಧೂಳೆಲ್ಲ ಮೂಗಿಗೆ; ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಗುಡಿಸಿ. ಚಾಪೆ, ಕೌದಿ, ಹಾಸಿಗೆಗಳನ್ನು ಅಂಗಳಕ್ಕೆ ತಂದು ಕೋಲಿನಿಂದಲೇ ಕೊಡವಿ. ಮೊದಲ ರಾತ್ರಿ ನೆಲದ ಮೇಲೆ ಮಲಗುವ ಬದಲು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿ. ರಾತ್ರಿ ಹೊತ್ತು ಮಲಗಿದವರನ್ನು ಕಚ್ಚುವ ಕಟ್ಟುಹಾವಿನಿಂದಲೂ ಅದು ಕಾಪಾಡುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಕಟ್ಟುಹಾವಿನ ಕಡಿತದಲ್ಲಿ ಗಾಯ, ನೋವು ಹೆಚ್ಚು ಕಾಣಿಸದೇ ಇರಬಹುದು. ಬೆಳಗಿನ ಜಾವ ಎದ್ದವರಿಗೆ ರೆಪ್ಪೆ ಭಾರವಾಗಿ ಮುಚ್ಚಿಕೊಳ್ಳುತ್ತಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಪ್ರಯಾಣದ ಆಯಾಸವೆಂದು ಬಿಡಬೇಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ಹಾವನ್ನು ಹೊಡೆದು ಜೊತೆಗೆ ಒಯ್ಯುವ ಅಗತ್ಯವಿಲ್ಲ. ಇಲ್ಲಿ ಕೊಡುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ.